ಮೈಲುತುತ್ತ ಕೈಹಿಡಿದ ಸ್ಲೈಡುಗಳು

ಸಕಲೇಶಪುರದ ಮಳೆಗಾಲದಲ್ಲಿ ಮನೆಯಲ್ಲಿ ಕೂತು ಪ್ಯಾರಾಫಿನ್ ಸೆಕ್ಷನ್ (ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕೊಯ್ಯುವುದು) ಮಾಡೋಕಾಗಲ್ಲ ಅಂತ ಹೇಳದ ಪಶುವೈದ್ಯರೇ ಇರಲಿಲ್ಲ. ಕಳೆದ ಆಷಾಢದಲ್ಲಿ ತೆಗೆದ ಲಿವರ್ ಸ್ಲೈಡುಗಳನ್ನು ಅವರೇ ಬಂದು ನೋಡಿ, ಎಲ್ಲಿ ಪ್ರೊಸೆಸ್ ಮಾಡಿಸಿದ್ರಿ ಅಂತ ಕೇಳಿದರು. ಮಾಡಿದ್ದು ನನ್ನ ಮನೆಯ ಹಿಂದಿನ ಕೋಣೆಯಲ್ಲಿ.

ಆ ತೆಳು ಪದರ ಕೊಯ್ಯುವ ಯಂತ್ರ, ಸೆಕೆಂಡ್ ಹ್ಯಾಂಡ್ ರೋಟರಿ ಮೈಕ್ರೋಟೋಮ್‌ಗೆ ಸುಮಾರು ನಲವತ್ತು ಸಾವಿರ ಬಿತ್ತು. ಕರೆಂಟು ಹೋದಾಗಲೂ ಮೇಣ 60 ಡಿಗ್ರಿಯಲ್ಲೇ ನಿಲ್ಲಲಿ ಅಂತ ಇನ್ವರ್ಟರಿಗೆ ಹತ್ತಿರಹತ್ತಿರ ಅಷ್ಟೇ ಸುರಿದೆ. ಬ್ಲೇಡು, ಆಲ್ಕೋಹಾಲನ್ನು ತೆಗೆದು ಮೇಣಕ್ಕೆ ದಾರಿ ಮಾಡುವ ಝೈಲೀನ್, ಇವುಗಳ ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಇಷ್ಟಾದರೂ ಜೂನ್ ಬಂತೆಂದರೆ ಬ್ಲಾಕು, ಅಂದರೆ ಅಂಗಾಂಶ ಹುದುಗಿದ ಮೇಣದ ಗಟ್ಟಿ, ಕೈಕೊಡುತ್ತಿತ್ತು. ಅಂಗಾಂಶವನ್ನು ಝೈಲೀನಿಗೆ ಹಾಕಿದ ಕೂಡಲೇ ಹಾಲಿನ ಬಣ್ಣ. ರಿಬ್ಬನ್ (ಸಾಲಾಗಿ ಬರುವ ಕೊಯ್ದ ಪದರ) ಎಳೆದರೆ ನಡುಭಾಗ ಉದುರಿಹೋಗಿ ತೂತು. ಸ್ಲೈಡಿಗೆ ಬಂದ ಕಡೆಯೂ ನ್ಯೂಕ್ಲಿಯಸ್ ಮಸಿ ಮೆತ್ತಿದಂತೆ. ಅದು ಪಿಕ್ನೋಸಿಸ್ಸೋ (ಸಾಯುವ ಕೋಶದ ನ್ಯೂಕ್ಲಿಯಸ್ ಕುಗ್ಗಿ ಕಪ್ಪಾಗುವುದು) ಪ್ರೊಸೆಸಿಂಗ್ ಕೆಟ್ಟದ್ದೋ ಹೇಳುವುದು ಹೇಗೆ? ಕೋಶ ಸತ್ತಿದೆ ಅಂತ ಬರೆಯಬೇಕಾದರೆ ಆ ಒಂದು ಚುಕ್ಕೆಯ ಮೇಲೆ ನಂಬಿಕೆ ಇರಬೇಕು. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಬದಲಿಸಿದೆ, ಅಂಗಾಂಶವನ್ನು ಇನ್ನೂ ತೆಳ್ಳಗೆ ಕೊಯ್ದೆ, ಆಲ್ಕೋಹಾಲಿನಲ್ಲಿ ಹೆಚ್ಚು ಹೊತ್ತು ಇಟ್ಟೆ. ಸುಖವಿಲ್ಲ. ನಮ್ಮ ಗಾಳಿಯಲ್ಲಿ ಅಬ್ಸಲ್ಯೂಟ್ (ನೀರಿಲ್ಲದ) ಆಲ್ಕೋಹಾಲಿನ ಮುಚ್ಚಳ ತೆರೆದು ಮುಚ್ಚುವಷ್ಟರಲ್ಲಿ ಅದು ನೀರು ಕುಡಿದಿರುತ್ತದೆ; ಅಂಗಾಂಶದಲ್ಲಿ ನೀರು ಉಳಿದರೆ ಮೇಣ ಒಳಗಿಳಿಯದು.

ದಾರಿ ಸಿಕ್ಕಿದ್ದು ತೋಟದ ಸ್ಟೋರಿನಲ್ಲಿ, ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲದಲ್ಲಿ. ನೀಲಿ ಹರಳನ್ನು ಹುರಿದು ಬಿಳಿಪುಡಿ ಮಾಡಿ, ಕೊನೆಯ ಆಲ್ಕೋಹಾಲ್ ಜಾಡಿಯ ತಳಕ್ಕೆ ಒಂದು ಬೆರಳು ದಪ್ಪ ಹಾಸಿ, ಮೇಲೆ ಫಿಲ್ಟರ್ ಪೇಪರ್ ಇಟ್ಟೆ. ಪುಡಿ ನೀರನ್ನು ಹೀರುತ್ತದೆ, ನೀಲಿಗೆ ತಿರುಗಿದರೆ ಬದಲಿಸುವ ಹೊತ್ತು ಬಂತು ಅಂತಲೂ ತಾನೇ ಹೇಳುತ್ತದೆ. ಲ್ಯಾಬಿನವರಿಗೆ ಇದು ಹಳೆಯ ಪಾಠ. ಆದರೆ ತೋಟದ ಸರಕನ್ನು ಮೊದಲು ತೊಳೆದು ಶುದ್ಧ ಮಾಡಬೇಕು. ಆ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆಮೇಲೆ ಬಂದ ಲಂಟಾನ ತಿಂದ ಹಸುವಿನ ಲಿವರ್ ನೋಡಬೇಕಿತ್ತು! ಹೆಪಟೊಸೈಟುಗಳು, ಅಂದರೆ ಲಿವರ್ ಕೋಶಗಳು, ಊದಿಕೊಂಡಿದ್ದವು, ಕಿರುನಾಳಗಳಲ್ಲಿ ಪಿತ್ತ ಕಟ್ಟಿ ನಿಂತಿತ್ತು, ಅಲ್ಲಲ್ಲಿ ಒಂಟಿ ಕೋಶಗಳು ಸತ್ತಿದ್ದವು. ಊದಿದ ಕೋಶ ಇನ್ನೂ ಹಿಂದಿರುಗಬಲ್ಲದು, ನ್ಯೂಕ್ಲಿಯಸ್ ಕುಗ್ಗಿ ಕರಗಿದ್ದು ಹಿಂದಿರುಗುವುದಿಲ್ಲ. ಎರಡೂ ಒಂದೇ ಫೀಲ್ಡಿನಲ್ಲಿ, ಗೆರೆ ಎಳೆದಷ್ಟು ಸ್ಪಷ್ಟ. ಲಂಟಾನ ತಿಂದ ದನದ ಚರ್ಮ ಬಿಸಿಲಿಗೆ ಸುಡುತ್ತದೆ, ಹಾಗಾಗಿ ಅದೇ ಕೊಟ್ಟಿಗೆಯ ಉಳಿದ ದನಗಳನ್ನು ಅಂದೇ ಬಿಸಿಲಿನಿಂದ ಒಳಗೆ ಕಟ್ಟಿಸಿ, ಲಂಟಾನ ಇರುವ ಕಡೆ ಮೇಯಲು ಬಿಡಬೇಡಿ ಅಂದೆ.

ಮೈಲುತುತ್ತ ಉಳಿದಿತ್ತು ಅಂತ ಇನ್ನೊಂದು ಪರೀಕ್ಷೆಗೂ ಇಳಿದೆ. ಕರು ಹಾಕಿದ ಮೇಲೆ ಸತ್ತ ಎಚ್‌ಎಫ್ ಕ್ರಾಸ್ ಹಸುಗಳ ಲಿವರ್ ಚೂರನ್ನು ಬೇರೆಬೇರೆ ಸಾಂದ್ರತೆಯ ಮೈಲುತುತ್ತದ ನೀರಿಗೆ ಬಿಡುವುದು. ಕೊಬ್ಬು ನೀರಿಗಿಂತ ಹಗುರ, ಬರೀ ನೀರಲ್ಲೇ ಚೂರು ತೇಲಿದರೆ ತೂಕದ ಮೂರನೇ ಒಂದಕ್ಕೂ ಹೆಚ್ಚು ಕೊಬ್ಬೇ. ಸ್ಲೈಡಿನಲ್ಲಿ ಆ ಕೊಬ್ಬು ಝೈಲೀನಿಗೆ ಕರಗಿ ಖಾಲಿ ಗುಳ್ಳೆ ಮಾತ್ರ ಉಳಿಯುತ್ತದೆ, ಹಾಗಾಗಿ ಈ ಲೋಟದ ಪರೀಕ್ಷೆ ನನಗೆ ಬಹಳ ಇಷ್ಟ. ರೈತನ ಕಣ್ಣೆದುರೇ ಮಾಡಬಹುದು.

ಹಾಸನ, ಬೇಲೂರು ಕಡೆಯ ಗೆಳೆಯರು ಮಾದರಿ ತಂದರೆ ಕೊಯ್ದು ಕೊಡುತ್ತೇನೆ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ, ಮಾದರಿಯ ಹತ್ತು ಪಟ್ಟು ಫಾರ್ಮಲಿನ್ ಇರಲಿ. ರಾತ್ರಿ ಸತ್ತು ಬೆಳಗಿನವರೆಗೆ ಹೊಟ್ಟೆ ಉಬ್ಬಿ ಬಿದ್ದದ್ದನ್ನು ತರಬೇಡಿ; ಕೊಳೆತ ಕೋಶದಲ್ಲಿ ರೋಗ ಹುಡುಕಲು ನನ್ನಿಂದಾಗದು.