ಬಜ್ಪೆಯಿಂದ ಗಲ್ಫ್‌ಗೆ: ಅಪ್ಪ ಅಮ್ಮನನ್ನು ವಿಮಾನ ಹತ್ತಿಸುವ ಮೊದಲು

ಮಂಗಳೂರು ವಿಮಾನ ನಿಲ್ದಾಣ ಚಿಕ್ಕದು. ಒಳಗೆ ಹೋದ ಮೇಲೆ ದಾರಿ ತಪ್ಪುವ ಭಯ ಇಲ್ಲ. ತೊಂದರೆ ಶುರುವಾಗುವುದು ಜಾಸ್ತಿ ಮನೆಯಲ್ಲೇ, ಪೆಟ್ಟಿಗೆ ಕಟ್ಟುವಾಗ. ನಾನು ಕಿನ್ನಿಗೋಳಿಯವಳು. ಗಂಡ, ತಮ್ಮ ಇಬ್ಬರೂ ಗಲ್ಫ್‌ನಲ್ಲಿದ್ದಾರೆ. ನಮ್ಮಲ್ಲಿ ಯಾರು ಹೊರಟರೂ ಪೆಟ್ಟಿಗೆ ಕಟ್ಟುವವಳು ನಾನೇ. ಮೊಮ್ಮಕ್ಕಳನ್ನು ನೋಡಲು ಮೊದಲ ಸಲ ಒಬ್ಬರೇ ವಿಮಾನ ಹತ್ತುವ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ನಮ್ಮ ಹಿರಿಯರಲ್ಲಿ ಹಲವರಿಗೆ ಒಂದೇ ಹೆಸರು, ಮನೆತನದ ಹೆಸರು ಇಲ್ಲ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದಿಲ್ಲ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ನಡೆಯುತ್ತದೆ. ಇದನ್ನು ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ. ಟಿಕೆಟ್, ವೀಸಾ ಎರಡನ್ನೂ ಪ್ರಿಂಟ್ ಮಾಡಿ ಕೈಗೆ ಕೊಡಿ. ಮೊಬೈಲ್‌ನಲ್ಲಿ ಹುಡುಕುತ್ತಾ ನಿಂತರೆ ಅವರಿಗೆ ಗಾಬರಿಯಾಗುತ್ತದೆ.

ಇನ್ನು ಪೆಟ್ಟಿಗೆ. ಹಲಸಿನ ಹಪ್ಪಳ, ಕುಚ್ಚಿಲಕ್ಕಿ ಧಾರಾಳವಾಗಿ ಹಾಕಿ, ತೂಕ ಮಾತ್ರ ನೋಡಿಕೊಳ್ಳಿ. ಆದರೆ ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಜೈಲಿಗೆ ಹೋಗುವಂಥ ವಿಷಯ. ಹುರಿದು ಪುಡಿ ಮಾಡಿ ಮಸಾಲೆಗೆ ಸೇರಿಸಿದ್ದರೆ ಆ ಮಸಾಲೆಯನ್ನೂ ಕಳಿಸಬೇಡಿ. ನಾನು ಗಲ್ಫ್‌ಗೆ ಕಳಿಸುವ ಮಸಾಲೆಗೆ ಗಸಗಸೆ ಮುಟ್ಟಿಸುವುದೇ ಇಲ್ಲ. ವೀಳ್ಯದೆಲೆಯೂ ಅಲ್ಲಿ ನಿಷೇಧ. ಎಲೆ ಅಡಿಕೆ ಹಾಕುವ ಅಜ್ಜಿಯ ಸಂಚಿಯನ್ನು ಹೊರಡುವ ದಿನ ಒಮ್ಮೆ ನೀವೇ ಬಿಡಿಸಿ ನೋಡಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ. ಹಾಗಾಗಿ ಚೆಕ್‌ಇನ್ ಪೆಟ್ಟಿಗೆಯಲ್ಲಿ ಅದಕ್ಕೆ ಅನುಮತಿ ಇಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ಗಟ್ಟಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಎಷ್ಟು ಕಿಲೋ ಒಯ್ಯಬಹುದು ಎಂದು ಟಿಕೆಟ್‌ನಲ್ಲೇ ಬರೆದಿರುತ್ತದೆ. ಅಷ್ಟಾದರೂ ಒಂದೇ ಪೆಟ್ಟಿಗೆ 32 ಕಿಲೋ ದಾಟಬಾರದು. ಸಣ್ಣ ತೂಗುತಕ್ಕಡಿಯೊಂದು ಮನೆಯಲ್ಲಿರಲಿ. ಕೌಂಟರ್ ಎದುರು ಪೆಟ್ಟಿಗೆ ಬಿಚ್ಚಿ ಸಾಮಾನು ಹೊರಗೆ ತೆಗೆಯುವ ಸಂಕಟ ವಯಸ್ಸಾದವರಿಗೆ ಯಾಕೆ, ಅಲ್ವಾ?

ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಜೊತೆ ಕೈಚೀಲದಲ್ಲೇ ಇಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಣದಲ್ಲಿವೆ. ಮುಂಚಿತ ಅನುಮತಿ ಇಲ್ಲದೆ ಒಯ್ಯಬೇಡಿ.

ದಾರಿಯ ವಿಷಯ. ಟರ್ಮಿನಲ್ ಇರುವುದು ಬಜ್ಪೆ ಪೇಟೆಯಲ್ಲಲ್ಲ, ಕೆಂಜಾರಿನಲ್ಲಿ, ಗುಡ್ಡದ ಮೇಲೆ. ಕಟೀಲು ಕಡೆಯ ಬಸ್ಸಿನಲ್ಲಿ ಬಂದು ಕೆಂಜಾರಿನಲ್ಲಿ ಇಳಿದರೆ ಮುಂದೆ ಏರುದಾರಿ, ಪೆಟ್ಟಿಗೆ ಇದ್ದವರು ರಿಕ್ಷಾ ಹಿಡಿಯಲೇಬೇಕು. ಉಡುಪಿಯಿಂದ ಹೆದ್ದಾರಿಯಲ್ಲಿ ಬಂದು ಕೂಳೂರು, ಕಾವೂರು, ಮರವೂರು ಮೂಲಕ ಹೋದರೆ ಫಲ್ಗುಣಿ ಹೊಳೆಯನ್ನು ಎರಡು ಸಲ ದಾಟಬೇಕು. ಕೂಳೂರು ಸೇತುವೆಯಲ್ಲಿ ಬ್ಲಾಕ್ ಆದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನನಗೆ ಮೂಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ ದಾರಿಯೇ ಸಮಾಧಾನ. ರಸ್ತೆ ಸಪೂರ ಉಂಟು, ಆದರೂ ಕೂಳೂರಿನ ತಲೆಬಿಸಿ ಇಲ್ಲ.

ಮೂರು ಗಂಟೆ ಮೊದಲೇ ತಲುಪಿ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಬಾಗಿಲಲ್ಲೇ ಬೀಳ್ಕೊಡಬೇಕು. ಮಂಡಿನೋವು ಇದ್ದರೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ಇದರಲ್ಲಿ ಸಂಕೋಚ ಬೇಡ. ವೀಲ್‌ಚೇರ್ ತಳ್ಳುವವರು ಇಮಿಗ್ರೇಷನ್, ಸೆಕ್ಯುರಿಟಿ ಎರಡನ್ನೂ ದಾಟಿಸಿ ಗೇಟಿನವರೆಗೆ ಕರೆದುಕೊಂಡು ಹೋಗುತ್ತಾರೆ. ಇಮಿಗ್ರೇಷನ್ ಫಾರಂ ತುಂಬುವ ಚಿಂತೆಯೂ ಇಲ್ಲ, ಹೊರಡುವ ಭಾರತೀಯರಿಗೆ ಅದು 2017ರ ಜುಲೈಯಲ್ಲೇ ನಿಂತಿದೆ.

ಮಳೆಗಾಲದಲ್ಲಿ ಹಿಂತಿರುಗುವವರಿಗೆ ಒಂದು ಮಾತು ಮೊದಲೇ ಹೇಳಿಡಿ. ಮೋಡ ಗುಡ್ಡಕ್ಕೆ ಇಳಿದರೆ ರನ್‌ವೇ ಕಾಣುವುದಿಲ್ಲ. ಆಗ ವಿಮಾನ ಬೆಂಗಳೂರು, ಕಣ್ಣೂರು ಅಥವಾ ಕೊಚ್ಚಿಗೆ ಹೋಗಿ ಕಾಯುವುದುಂಟು. ಮಾತ್ರೆ, ಬಿಸ್ಕತ್ತು ಕೈಯಲ್ಲಿರಲಿ. ಕರೆದುಕೊಂಡು ಬರಲು ಹೊರಡುವವರು ವಿಮಾನ ಎಲ್ಲಿದೆ ಎಂದು ನೋಡಿಯೇ ಮನೆ ಬಿಡಿ. ಇಳಿಯುವಾಗ ಬ್ರೇಕ್ ಜೋರಾಗಿ ಹಿಡಿದರೆ ಹೆದರಬೇಡಿ ಎಂದೂ ಹೇಳಿ. 2010ರ ಮೇ 22ರಂದು ಇಲ್ಲಿ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡದ್ದನ್ನು ನಮ್ಮ ಊರುಗಳು ಮರೆತಿಲ್ಲ. ಆ ನೆನಪಿನಿಂದಲೇ ಹಿರಿಯರು ಸೀಟು ಬಿಗಿ ಹಿಡಿದು ಕೂರುತ್ತಾರೆ.

ಕೊನೆಗೆ ಚಿನ್ನ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣ ಸುಂಕವಿಲ್ಲದೆ ತರಬಹುದು ಎಂಬುದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರಿಗೆ ಮಾತ್ರ. ಎರಡು ತಿಂಗಳು ಮಗಳ ಮನೆಯಲ್ಲಿದ್ದು ಬರುವ ಅಮ್ಮನಿಗೆ ಅದು ಅನ್ವಯಿಸುವುದಿಲ್ಲ. ಮಗಳು ಬಳೆ ಕೊಟ್ಟಿದ್ದರೆ ರೆಡ್ ಚಾನೆಲ್‌ಗೆ, ಅಂದರೆ ಸುಂಕದ ಸಾಮಾನು ಇದ್ದವರು ಹೋಗುವ ಸಾಲಿಗೆ, ಹೋಗಿ ಹೇಳಿಬಿಡಲಿ. ಅಮ್ಮ ಊರಿನಿಂದಲೇ ದಪ್ಪ ಸರ, ಬಳೆ ಹಾಕಿಕೊಂಡು ಹೊರಟಿದ್ದರೆ, ಹೋಗುವಾಗಲೇ ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಲಿ. ಬರುವಾಗ ಯಾರಾದರೂ ಕೇಳಿದರೆ ಆ ಕಾಗದ ತೋರಿಸಿದರಾಯಿತು.