ಮೊದಲು ಮಿಲಿಮೀಟರ್, ಆಮೇಲೆ ಸೆಂಟಿಮೀಟರ್: 3ಸಿ 454.3 ಜೊತೆ ನನ್ನ ಗುದ್ದಾಟ

ನನ್ನ ಹತ್ತಿರ ಟೆಲಿಸ್ಕೋಪ್ ಇಲ್ಲ. ಇರೋದು ಒಂದು ಹಳೇ ಲ್ಯಾಪ್‌ಟಾಪ್, ಪೈಥಾನ್, ರಾತ್ರಿ ಊಟ ಆದಮೇಲಿನ ಒಂದೆರಡು ಗಂಟೆ. ಬ್ಲೇಜಾರ್ (ದೈತ್ಯ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ, ಅಂದರೆ ಜೆಟ್, ಹೆಚ್ಚುಕಡಿಮೆ ನಮ್ಮ ಕಡೆಗೇ ತಿರುಗಿರುವ ಗೆಲಾಕ್ಸಿಯ ಕೇಂದ್ರ) ನೋಡೋಕೆ ಅಷ್ಟು ಸಾಕು, ಏಕೆಂದರೆ ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯ 40 ಮೀಟರ್ ಡಿಶ್ ವಾರಕ್ಕೆ ಸುಮಾರು ಎರಡು ಸಲ 15 ಗಿಗಾಹರ್ಟ್ಸ್‌ನಲ್ಲಿ (ಅಂದರೆ ಸುಮಾರು ಎರಡು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯಲ್ಲಿ) ಅವುಗಳ ಹೊಳಪು ಅಳೆದದ್ದು ಸಾರ್ವಜನಿಕವಾಗಿ ಸಿಗುತ್ತದೆ. ಹವಾಯಿಯ ಮೌನಾ ಕೇಯ ಮೇಲಿರುವ ಎಸ್‌ಎಂಎ ಎಂಬ ರೇಡಿಯೊ ಡಿಶ್‌ಗಳ ಗುಂಪಿನ ಒಂದು ಮಿಲಿಮೀಟರ್ ಅಲೆಯ ಅಳತೆಗಳೂ ಹಾಗೆಯೇ ಸಿಗುತ್ತವೆ. ನಾನು ಹಿಡಿದದ್ದು 3ಸಿ 454.3 ಅನ್ನೋ ಬ್ಲೇಜಾರ್. ಅದರ ಬೆಳಕು ಹೊರಟು ಸುಮಾರು 700 ಕೋಟಿ ವರ್ಷ ಆಗಿದೆ. 2010ರ ನವೆಂಬರ್‌ನಲ್ಲಿ ಗಾಮಾ ಕಿರಣಗಳಲ್ಲಿ ಇದು ಆಕಾಶದಲ್ಲೇ ಅತಿ ಪ್ರಖರವಾಗಿ ಉರಿದಿತ್ತು.

ಹುಡುಕುತ್ತಿದ್ದದ್ದು ಒಂದೇ: ಮಿಲಿಮೀಟರ್‌ನಲ್ಲಿ ಹೊಳಪು ಏರಿದ ಮೇಲೆ 15 ಗಿಗಾಹರ್ಟ್ಸ್‌ನಲ್ಲಿ ಎಷ್ಟು ದಿನ ಬಿಟ್ಟು ಏರುತ್ತದೆ? ಕಪ್ಪುಕುಳಿಯ ಹತ್ತಿರ ಜೆಟ್ ತುಂಬಾ ದಟ್ಟ. ತಾನೇ ಹುಟ್ಟಿಸಿದ ಕಡಿಮೆ ಆವರ್ತನದ ರೇಡಿಯೊ ಅಲೆಗಳನ್ನು ಅದು ತಾನೇ ನುಂಗಿಬಿಡುತ್ತದೆ. ಆಘಾತದ ಅಲೆ ಹೊರಕ್ಕೆ ಸಾಗಿ ಹಿಗ್ಗುತ್ತಾ ಹೋದಂತೆ ಮೊದಲು ಹೆಚ್ಚಿನ ಆವರ್ತನಕ್ಕೆ, ಆಮೇಲೆ ಕಡಿಮೆಯದಕ್ಕೆ ದಾರಿ ಬಿಡುತ್ತದೆ. ಅದಕ್ಕೇ 15 ಗಿಗಾಹರ್ಟ್ಸ್‌ನ ಗುಡ್ಡ ತಡವಾಗಿ ಏಳುತ್ತದೆ, ಜಾಸ್ತಿ ಅಗಲವಾಗಿಯೂ ಇರುತ್ತದೆ.

ಗ್ರಾಫ್ ಹಾಕಿದಾಗ ಎಲ್ಲ ಸರಿ ಕಂಡಿತು. ತಪ್ಪಿದ್ದು ಆಮೇಲೆ. ಒಂದು ಮಿಲಿಮೀಟರ್ ಅಲೆಗೆ ಒಣ ಹವೆ ಬೇಕು, ಗಾಳಿಯ ತೇವ ಅದನ್ನು ಹೀರಿಬಿಡುತ್ತದೆ. ಹಾಗಾಗಿ ಆ ಅಳತೆಗಳ ನಡುವೆ ಅಲ್ಲಲ್ಲಿ ಖಾಲಿ. ನಾನು ಸುಮ್ನೆ ಗೆರೆ ಎಳೆದು ಆ ಖಾಲಿ ತುಂಬಿದೆ, ಒಂದು ಸರಣಿಯನ್ನು ದಿನದ ಲೆಕ್ಕದಲ್ಲಿ ಸರಿಸುತ್ತಾ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆ ಅಂತ ತಾಳೆ ಹಾಕಿದೆ. ಚೂಪಾದ ಒಂದು ಶಿಖರ ಎದ್ದಿತು! ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ಗೊತ್ತಾಯಿತು, ಅದು ನಾನೇ ಎಳೆದ ಗೆರೆಗಳ ಶಿಖರ.

ಆಮೇಲೆ ಎಡೆಲ್ಸನ್-ಕ್ರೋಲಿಕ್ ವಿಧಾನಕ್ಕೆ ಬಂದೆ. 1988ರದು. ಹೊಸ ಅಂಕಿ ಹುಟ್ಟಿಸೋದೇ ಇಲ್ಲ: ಎರಡೂ ಪಟ್ಟಿಗಳಿಂದ ಒಂದೊಂದು ಅಳತೆ ಜೋಡಿಸಿ, ಸರಾಸರಿಗಿಂತ ಪ್ರತಿಯೊಂದೂ ಎಷ್ಟು ಮೇಲೆ-ಕೆಳಗೆ ಅಂತ ನೋಡಿ ಗುಣಿಸಿ, ಜೋಡಿಯ ನಡುವಿನ ದಿನಗಳ ಲೆಕ್ಕದಲ್ಲಿ ಬುಟ್ಟಿಗಳಿಗೆ ಹಾಕಿ, ಯಾವ ಬುಟ್ಟಿಯ ಸರಾಸರಿ ಅತಿ ಎತ್ತರ ಅಂತ ನೋಡುವುದು. ಇಲ್ಲಿ ಒಂದು ಚಿಕ್ಕ ಪಾಠ: ತಡದ ಉತ್ತರ ಪ್ಲಸ್ ಬಂದರೆ ಯಾರು ಹಿಂದೆ, ಮೈನಸ್ ಬಂದರೆ ಯಾರು ಹಿಂದೆ ಅಂತ ನಂಬಿಕೆಯಿಂದ ಬರೆಯಬೇಡಿ. ಒಂದೇ ಸರಣಿಯ ನಕಲು ಮಾಡಿ, ಬೇಕಂತಲೇ 30 ದಿನ ಸರಿಸಿ, ಓಡಿಸಿ ನೋಡಿ. ನಾನು ಮೊದಲು ಉಲ್ಟಾ ಬರೆದಿದ್ದೆ.

ಈ ಸಲ ಶಿಖರ ಮೊಂಡಾಗಿತ್ತು, ಆದರೆ ಮಿಲಿಮೀಟರ್ ಮುಂದೆ ಅನ್ನೋದು ಉಳಿಯಿತು. ನಂಬಬಹುದಾ? ಏನೂ ಸಂಬಂಧವಿಲ್ಲದ, ಅದೇ ತರಹ ನಿಧಾನಕ್ಕೆ ಏರಿಳಿಯುವ ಸಾವಿರ ಸುಳ್ಳು ಸರಣಿ ಮಾಡಿ ಅದೇ ಲೆಕ್ಕ ಹಾಕಿದೆ. ಬೇಜಾರಿನ ವಿಷಯ ಅಂದರೆ, ಅವುಗಳಲ್ಲೂ ಆಗಾಗ ಅಷ್ಟೇ ಎತ್ತರದ ಗುಡ್ಡ ಬಂತು. ಕೊನೆಗೆ 2010-11ರ ದೊಡ್ಡ ಏರಿಕೆಯನ್ನು ತೆಗೆದುಹಾಕಿ ಓಡಿಸಿದೆ. ಶಿಖರ ಹಾಗೇ ಕುಸಿದುಹೋಯಿತು. ಅಂದರೆ ನಾನು ಅಳೆದದ್ದು ಆ ಒಂದು ಸ್ಫೋಟದ ತಡವನ್ನು ಮಾತ್ರ, ಇಡೀ ಜೆಟ್‌ನ ಸ್ವಭಾವವನ್ನಲ್ಲ. ಗ್ರಾಫ್‌ನ ಕೆಳಗೆ ಈಗ ಹಾಗೆಯೇ ಬರೆದಿದ್ದೇನೆ.