ನನ್ನ ಅಳತೆಯ ಗಾಲ್ಫ್ ಕ್ಲಬ್‌ಗಳನ್ನು ನಾನು ಆರಿಸಿಕೊಂಡ ಬಗೆ

ಗಾಲ್ಫ್ ಕಲಿತ ಮೊದಲ ನಾಲ್ಕು ವರ್ಷ ನಾನು ಆಡಿದ್ದು ಬಂಧುವೊಬ್ಬರು ಆಟ ಬಿಟ್ಟಾಗ ನನಗೆ ದಾಟಿಸಿದ ಹಳೆಯ ಸೆಟ್ಟಿನಲ್ಲಿ. ಅವರು ನನಗಿಂತ ಅರ್ಧ ಅಡಿ ಎತ್ತರ ಎಂಬುದು ಆಗ ನನಗೆ ಲೆಕ್ಕಕ್ಕೇ ಬಂದಿರಲಿಲ್ಲ. ಇನ್ನೊಬ್ಬರ ಅಂಗಿ ತೊಟ್ಟರೆ ತೋಳು ಉದ್ದವಾದದ್ದು ಕನ್ನಡಿಯಲ್ಲಿ ಒಡನೆಯೇ ಕಾಣುತ್ತದೆ. ಇನ್ನೊಬ್ಬರ ಕ್ಲಬ್ ಹಿಡಿದಾಗ ಅಂಥದ್ದೇನೂ ಕಾಣುವುದಿಲ್ಲ; ಮೈಯೇ ಅಷ್ಟಿಷ್ಟು ನಿಮಿರಿ, ಮಣಿಕಟ್ಟನ್ನು ತಿರುಚಿ, ಆ ಕ್ಲಬ್ಬಿಗೆ ತನ್ನನ್ನು ಒಗ್ಗಿಸಿಕೊಂಡುಬಿಡುತ್ತದೆ. ಬಲಗೈ ಆಟಗಾರನಾದ ನನ್ನ ಐರನ್, ಎಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬಿನ ಹೊಡೆತಗಳು ಗುರಿಯ ಎಡಕ್ಕೆ ಬೀಳುತ್ತಿದ್ದವು. ಅದನ್ನು ಸರಿಪಡಿಸಲು ನಾನು ಗುರಿಯ ಬಲಕ್ಕೆ ಮುಖಮಾಡಿ ನಿಲ್ಲುವುದನ್ನೂ, ಚೆಂಡು ತಾಗುವ ಹೊತ್ತಿಗೆ ಕ್ಲಬ್ಬಿನ ಮುಖವನ್ನು ತುಸು ತೆರೆದೇ ಇಡುವುದನ್ನೂ ರೂಢಿಮಾಡಿಕೊಂಡಿದ್ದೆ. ತರಬೇತಿಗೆ ಹೋದಾಗ ಈ ಎರಡನ್ನೂ ದೋಷಗಳೆಂದು ತೋರಿಸಿಕೊಟ್ಟರೇ ಹೊರತು, ಅವು ಹುಟ್ಟಿದ್ದು ಯಾವುದರಿಂದ ಎಂಬ ಪ್ರಶ್ನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಅಳತೆಗೆ ಹೋಗುವ ಮೊದಲು ನಾನು ಮಾಡಿದ ತಪ್ಪೊಂದನ್ನು ಹೇಳಿಬಿಡಬೇಕು. ಒಳಾಂಗಣದ ಒಂದು ಪರದೆಯ ಮುಂದೆ ನಿಂತು ಅತಿ ದೂರಕ್ಕೆ ಹೊಡೆಯಲು ಬಳಸುವ ಕ್ಲಬ್ಬಾದ ಡ್ರೈವರ್‌ ಹೊಸದೊಂದರಲ್ಲಿ 20 ಚೆಂಡು ಹೊಡೆದೆ. ಅವುಗಳಲ್ಲಿ ಒಂದು 230 ಗಜ ಹೋಯಿತೆಂದು ಪರದೆ ತೋರಿಸಿತು; ಮಾರುವವರೂ ಅದನ್ನೇ ತೋರಿಸಿದರು, ನಾನೂ ಅದನ್ನೇ ನೋಡಿದೆ. ಲಾಫ್ಟ್, ಎಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ, 9 ಡಿಗ್ರಿ; ಶಾಫ್ಟ್, ಎಂದರೆ ಕ್ಲಬ್ಬಿನ ದಂಡ, ಸ್ಟಿಫ್, ಬಿಗಿಯಾದದ್ದು. ಆ ಒಂದು ಹೊಡೆತಕ್ಕಾಗಿ ಡ್ರೈವರ್ ಕೊಂಡೆ, ಆದರೆ ಉಳಿದ ಹತ್ತೊಂಬತ್ತು ಹೊಡೆತಗಳೂ ಅದೇ ಚೀಲದಲ್ಲಿ ಮನೆಗೆ ಬಂದಿದ್ದವು. ಮೈದಾನದಲ್ಲಿ ಹತ್ತಕ್ಕೆ ಏಳು ಸಲ ಚೆಂಡು ತಗ್ಗಿನಲ್ಲಿ ಹಾರಿ ಬಲಕ್ಕೆ ಹೊರಳುತ್ತಿತ್ತು. ಅಂದಿನಿಂದ ಯಾವುದೇ ಕ್ಲಬ್ಬನ್ನು ಅದರ ಅತ್ಯುತ್ತಮ ಹೊಡೆತದಿಂದ ಅಳೆಯುವುದನ್ನು ಬಿಟ್ಟು, ತಪ್ಪಿದ ಹೊಡೆತ ಎಲ್ಲಿ ಬೀಳುತ್ತದೆ ಎಂಬುದನ್ನು ಬರೆದಿಡತೊಡಗಿದೆ.

ಆ ಬರವಣಿಗೆಗೆ ಒಂದು ಸಣ್ಣ ನೋಟ್‌ಪುಸ್ತಕ ಸಾಕಾಯಿತು. ಹತ್ತು ಸುತ್ತು ಆಟದಲ್ಲಿ, ಗ್ರೀನ್‌ನತ್ತ, ಎಂದರೆ ಕುಳಿಯಿರುವ ನುಣುಪು ಹುಲ್ಲಿನತ್ತ ಹೊಡೆದ ಪ್ರತಿಯೊಂದು ಹೊಡೆತಕ್ಕೂ ಕ್ಲಬ್ ಯಾವುದು, ಚೆಂಡು ಗಿಡ್ಡವಾಯಿತೋ ಉದ್ದವಾಯಿತೋ, ಎಡವೋ ಬಲವೋ ಎಂದು ನಾಲ್ಕು ಅಕ್ಷರಗಳಲ್ಲಿ ಗುರುತು ಹಾಕಿದೆ. ಅಭ್ಯಾಸದ ಮೈದಾನದಲ್ಲಿ, ಪಾದಗಳಿಗೆ ಸಿಂಪಡಿಸುವ ಬಿಳಿ ಪುಡಿಯನ್ನು ಕ್ಲಬ್ಬಿನ ಮುಖಕ್ಕೆ ತೆಳುವಾಗಿ ಹೊಡೆದು, ಚೆಂಡು ಎಲ್ಲಿ ತಾಗಿತೆಂದು ನೋಡಿದೆ. ಪುಡಿಯ ಮೇಲೆ ಚೆಂಡಿನ ಗುಳಿಗಳ ಸಮೇತ ಸ್ಪಷ್ಟವಾದ ಮುದ್ರೆ ಮೂಡುತ್ತದೆ. ಅದರ ಮುಂದೆ ವಾದಕ್ಕೆ ಅವಕಾಶವಿಲ್ಲ. ಐರನ್‌ಗಳಲ್ಲಿ ನನ್ನ ಮುದ್ರೆಗಳು ಹಿಮ್ಮಡಿಯ, ಎಂದರೆ ತಲೆಗೆ ದಂಡ ಸೇರುವ ಬದಿಯ ಕಡೆಗೆ ಗುಂಪಾಗಿದ್ದವು, ಡ್ರೈವರ್‌ನಲ್ಲಿ ಮುಖದ ತುಂಬ ಚೆದುರಿದ್ದವು. ಪುಸ್ತಕದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು: ಅಂಕಿ ಚಿಕ್ಕದಾದಷ್ಟೂ ದೂರ ಹೆಚ್ಚಬೇಕಾದ ಐರನ್‌ಗಳಲ್ಲಿ ನನ್ನ 5 ಐರನ್ ಮತ್ತು 6 ಐರನ್ ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತಿದ್ದವು. ಎಂದರೆ ನಾಲ್ಕು ವರ್ಷದಿಂದ ಒಂದು ಕ್ಲಬ್ಬನ್ನು ನಾನು ಸುಮ್ಮನೆ ಹೊತ್ತು ತಿರುಗುತ್ತಿದ್ದೆ.

ಈ ಪುಸ್ತಕ ಮತ್ತು ಹಳೆಯ ಸೆಟ್ಟು ಎರಡನ್ನೂ ಹಿಡಿದುಕೊಂಡು ಫಿಟ್ಟಿಂಗ್‌ಗೆ ಹೋದೆ. ಹೊಸ ಕ್ಲಬ್‌ಗಳನ್ನು ನನ್ನ ಕೈಗೆ ಕೊಡುವ ಮೊದಲು ಹಳೆಯ 7 ಐರನ್‌ನಲ್ಲೇ ಹೊಡೆಯಲು ಫಿಟ್ಟರ್ ಹೇಳಿದ್ದು ನನಗೆ ಹಿಡಿಸಿತು; ಹೋಲಿಸಲು ಒಂದು ನೆಲೆಯಿಲ್ಲದೆ ಮುಂದಿನ ಯಾವ ಅಂಕಿಗೂ ಅರ್ಥವಿರುವುದಿಲ್ಲ. ಅವರು ಮೊದಲು ಅಳೆದದ್ದು ನನ್ನ ಎತ್ತರವನ್ನು, ಆಮೇಲೆ ಕೈಗಳನ್ನು ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯಿಂದ ನೆಲಕ್ಕಿರುವ ಅಂತರವನ್ನು. ಎತ್ತರ 165 ಸೆಂಟಿಮೀಟರ್, ಮಣಿಕಟ್ಟಿನಿಂದ ನೆಲಕ್ಕೆ 32 ಇಂಚು. ಈ ಎರಡು ಅಳತೆಗಳಿಂದ ಕ್ಲಬ್ಬಿನ ಉದ್ದವನ್ನು ಊಹಿಸುವ ಕೋಷ್ಟಕಗಳಿವೆ, ಆದರೆ ಅವು ಆರಂಭಕ್ಕೆ ಮಾತ್ರ ಸಾಕು. ನಿಂತ ಮನುಷ್ಯನನ್ನು ಅಳೆದು ತಿರುಗುವ ಮನುಷ್ಯನ ಅಳತೆ ಹೇಳಲು ಬರುವುದಿಲ್ಲ.

ಅದನ್ನು ತೋರಿಸಿಕೊಟ್ಟದ್ದು ಒಂದು ಮಾರ್ಕರ್ ಪೆನ್ನು. ಚೆಂಡಿನ ಮೇಲೆ ದಪ್ಪನೆಯ ಕಪ್ಪು ಗೆರೆಯೊಂದನ್ನು ಎಳೆದು, ಆ ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖವನ್ನು ನೋಡುವಂತೆ ಚೆಂಡನ್ನು ಇಟ್ಟರು. ನಾನು ಎಂದಿನಂತೆ ಹೊಡೆದೆ. ಹಸಿ ಶಾಯಿಯ ಗೆರೆ ಮುಖದ ಮೇಲೆ ಅಚ್ಚಾಗಿತ್ತು, ಆದರೆ ನೆಟ್ಟಗಿರಲಿಲ್ಲ. ಅದರ ಮೇಲ್ತುದಿ ಕ್ಲಬ್ಬಿನ ಮೂತಿಯ, ಎಂದರೆ ದಂಡದಿಂದ ದೂರದ ತುದಿಯ ಕಡೆಗೆ ವಾಲಿತ್ತು. ಹೀಗೆ ವಾಲಿದೆಯೆಂದರೆ ಚೆಂಡು ತಾಗುವ ಗಳಿಗೆಯಲ್ಲಿ ಮೂತಿ ಮೇಲೆದ್ದು ಹಿಮ್ಮಡಿ ನೆಲಕ್ಕೆ ಒತ್ತಿದೆಯೆಂದು, ಎಂದರೆ ನನ್ನ ಪಾಲಿಗೆ ಆ ಕ್ಲಬ್ಬಿನ ಲೈ ಕೋನ, ಎಂದರೆ ದಂಡ ನೆಲದೊಂದಿಗೆ ಮಾಡುವ ಕೋನ, ತೀರ ನೆಟ್ಟಗಿದೆಯೆಂದು ಅರ್ಥ. ಲಾಫ್ಟ್ ಇರುವ ಮುಖದ ಮೂತಿ ಮೇಲೆದ್ದರೆ ಆ ಮುಖ ಎಡಕ್ಕೆ ನೋಡುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ಎಳೆತ ಹೆಚ್ಚು. ನನ್ನ ಪುಸ್ತಕದಲ್ಲಿ 5 ಐರನ್‌ಗಿಂತ ಹೆಚ್ಚು ಲಾಫ್ಟ್ ಇರುವ ವೆಡ್ಜ್‌ನ ಹೊಡೆತಗಳು ಹೆಚ್ಚು ಎಡಕ್ಕೆ ಹೋದದ್ದೇಕೆ ಎಂಬ ಒಗಟು ಅಲ್ಲಿಗೆ ಬಿಡಿಸಿಕೊಂಡಿತು. ಮುಖವನ್ನು ತೆರೆದಿಡುವ ನನ್ನ ದುರಭ್ಯಾಸವೂ ಈ ಎಳೆತಕ್ಕೆ ಮೈ ತಾನೇ ಹುಡುಕಿಕೊಂಡ ಪರಿಹಾರವಾಗಿತ್ತು. ನಾನು ಆ ಕ್ಲಬ್ಬನ್ನು ತಿರುಗಿಸಿ ಅದರ ತಳವನ್ನು ನೋಡಿದೆ: ಹಿಮ್ಮಡಿಯ ಕಡೆ ಲೋಹ ಹೊಳಪಾಗಿ ಸವೆದಿತ್ತು, ಮೂತಿಯ ಕಡೆ ಮೊದಲಿನ ಬಣ್ಣ ಹಾಗೆಯೇ ಇತ್ತು. ನಾಲ್ಕು ವರ್ಷ ಅದನ್ನು ತೊಳೆದು ಒರೆಸಿ ಇಟ್ಟವನು ನಾನೇ.

ಇಲ್ಲಿ ಎರಡು ದಾರಿಗಳಿದ್ದವು. ಕ್ಲಬ್ಬನ್ನು ಗಿಡ್ಡ ಮಾಡಿದರೂ ಅದು ತುಸು ಚಪ್ಪಟೆಯಾಗಿ ಕೂರುತ್ತದೆ. ಹಾಗಾಗಿ ಅರ್ಧ ಇಂಚು ಕತ್ತರಿಸಿದರಾಯಿತು ಎಂದು ನಾನು ಅಂದುಕೊಂಡೆ. ಆದರೆ ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ತೂಕ, ಎಂದರೆ ಬೀಸುವಾಗ ಕೈಗೆ ತಿಳಿಯುವ ಕ್ಲಬ್ಬಿನ ತಲೆಯ ಭಾರ, ಸುಮಾರು 3 ಪಾಯಿಂಟ್ ಇಳಿದು, ಆ ತಲೆ ಎಲ್ಲಿದೆಯೆಂದು ಕೈಗೆ ತಿಳಿಯದಷ್ಟು ಕ್ಲಬ್ ಹಗುರವೆನಿಸುತ್ತದೆ. ಫಿಟ್ಟರ್ ಕಾಲು ಇಂಚು ಮಾತ್ರ ಕಡಿಮೆ ಮಾಡಿ, ಲೈ ಕೋನವನ್ನು 2 ಡಿಗ್ರಿ ಚಪ್ಪಟೆ ಮಾಡಿದ ಮಾದರಿಯನ್ನು ಕೊಟ್ಟರು. ಮುದ್ರೆಗಳು ನಡುವಿಗೆ ಬಂದವು, ಗೆರೆ ನೆಟ್ಟಗಾಯಿತು. ಚೆಂಡು ಮಾತ್ರ ಬಲಕ್ಕೆ ಹೋಯಿತು. ಅದಕ್ಕೆ ಅವರು ನಕ್ಕು, ಇದು ಕ್ಲಬ್ಬಿನದಲ್ಲ ಎಂದರು.

ಶಾಫ್ಟ್‌ನ ವಿಷಯದಲ್ಲಿ ನನಗೊಂದು ಜಂಬವಿತ್ತು. ಆಡುವವರ ನಡುವೆ ಸ್ಟಿಫ್ ಶಾಫ್ಟ್ ಎಂಬುದಕ್ಕೆ ಒಂದು ತೂಕವಿದೆ. ರೆಗ್ಯುಲರ್ ಎನ್ನುವಾಗ ದನಿ ತುಸು ತಗ್ಗುತ್ತದೆ. ಅದನ್ನು ಬಲ್ಲ ಫಿಟ್ಟರ್ ಮೂರು ಶಾಫ್ಟ್‌ಗಳ ಮೇಲಿನ ಹೆಸರು, ಅಕ್ಷರ ಯಾವುದೂ ಕಾಣದಂತೆ ಟೇಪು ಸುತ್ತಿ ಕೊಟ್ಟರು. ತಲಾ ಎಂಟು ಚೆಂಡು ಹೊಡೆದ ಮೇಲೆ, ಎರಡನೆಯದು ಬಿಗಿಯಾಗಿದೆ, ಅದೇ ಸ್ಟಿಫ್ ಇರಬೇಕು, ಮೊದಲನೆಯದು ತೀರ ಮೆತ್ತಗಿದೆ ಎಂದು ತೀರ್ಪು ಕೊಟ್ಟೆ. ಟೇಪು ಬಿಚ್ಚಿದಾಗ ಎರಡನೆಯದರ ಮೇಲೆ ‘ಆರ್’ ಎಂದಿತ್ತು, ಮೊದಲನೆಯದರ ಮೇಲೆ ‘ಎಸ್’. ಬಿಗಿತವನ್ನು ಸೂಚಿಸುವ ಈ ಅಕ್ಷರಗಳಿಗೆ ತಯಾರಕರೆಲ್ಲರೂ ಒಪ್ಪಿದ ಒಂದೇ ಮಾನದಂಡವಿಲ್ಲವೆಂದು ತಿಳಿದದ್ದು ಆಗಲೇ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ಗಿಂತ ಬಿಗಿಯಾಗಿರಬಹುದು. ಅಕ್ಷರಕ್ಕಿಂತ ನನಗೆ ಹೆಚ್ಚು ಫಲ ಕೊಟ್ಟದ್ದು ತೂಕ. ಹಳೆಯ ಉಕ್ಕಿನ ಶಾಫ್ಟ್ 120 ಗ್ರಾಂ ಹತ್ತಿರವಿತ್ತು. ಮೂರನೆಯದಾಗಿ ಹೊಡೆದದ್ದು 75 ಗ್ರಾಂನ ಗ್ರಾಫೈಟ್. ವೇಗ ಹೆಚ್ಚೇನೂ ಏರಲಿಲ್ಲ. ಆದರೆ ಎಂಟು ಚೆಂಡುಗಳಲ್ಲಿ ಅತಿ ಗಿಡ್ಡಕ್ಕೂ ಅತಿ ಉದ್ದಕ್ಕೂ ನಡುವಿನ ಅಂತರ 24 ಗಜದಿಂದ 13 ಗಜಕ್ಕೆ ಇಳಿಯಿತು. ಸರಾಸರಿ ದೂರಕ್ಕಿಂತ ಈ ಅಂತರವನ್ನೇ ನೋಡಿ ನಾನು ಅದನ್ನು ಆರಿಸಿದೆ.

ಆ ಹೊತ್ತಿಗೆ ನನ್ನ ಕೈ ಸೋತಿತ್ತು. ಐವತ್ತು ಚೆಂಡಿನ ಆಚೆಗೆ ಹೊಡೆಯುವುದು ನಾನಲ್ಲ, ನನ್ನ ಆಯಾಸ; ಆ ಆಯಾಸಕ್ಕೆ ಹೊಂದುವ ಕ್ಲಬ್ ನನಗೆ ಬೇಡವಾಗಿತ್ತು. ಡ್ರೈವರ್ ಮತ್ತು ವೆಡ್ಜ್‌ಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆವು. ಆ ದಿನ ಹೊರಗೆ, ಹುಲ್ಲಿನ ಮೇಲೆ ಹೊಡೆಯಬೇಕೆಂದು ನಾನೇ ಕೇಳಿಕೊಂಡೆ. ಮ್ಯಾಟ್‌ನ ಮೇಲೆ ಚೆಂಡಿಗಿಂತ ಒಂದು ಇಂಚು ಹಿಂದೆ ಬಡಿದರೂ ಕ್ಲಬ್ ಜಾರಿಕೊಂಡು ಚೆಂಡನ್ನು ಮುಟ್ಟುತ್ತದೆ, ಪರದೆಯ ಅಂಕಿ ಚೆನ್ನಾಗಿಯೇ ಬರುತ್ತದೆ. ಹುಲ್ಲು ಅಷ್ಟು ಉದಾರಿಯಲ್ಲ.

ಐರನ್‌ನ ತಲೆಯನ್ನು ಆರಿಸುವಾಗ ನಾನು ಹೆಚ್ಚು ಯೋಚಿಸಿದ್ದು ಲಾಫ್ಟ್‌ನ ಬಗ್ಗೆ. ನನ್ನ ಹಳೆಯ 7 ಐರನ್ 34 ಡಿಗ್ರಿಯದು. ಈಗ 7 ಎಂದು ಬರೆದು ಬರುವವುಗಳಲ್ಲಿ ಹಲವು 30 ಡಿಗ್ರಿಯ ಆಸುಪಾಸಿನಲ್ಲಿವೆ, ಅದಕ್ಕಿಂತ ಕಡಿಮೆಯವೂ ಇವೆ. ಹೊಸ 7 ಐರನ್ ಹತ್ತು ಗಜ ಹೆಚ್ಚು ಹೋಯಿತೆಂದು ಹಿಗ್ಗುವವನು, ತಾನು ಹೊಡೆದದ್ದು ಹಳೆಯ ಲೆಕ್ಕದ 6 ಐರನ್ ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. 29 ಡಿಗ್ರಿಯ ಒಂದು ತಲೆ ನನಗೆ ನಿಜಕ್ಕೂ ದೂರ ಕೊಟ್ಟಿತು, ಆದರೆ ಅದರ ಚೆಂಡು 38 ಡಿಗ್ರಿಯಲ್ಲಿ ಇಳಿದು ಗ್ರೀನ್ ಮೇಲೆ ನಿಲ್ಲದೆ ಓಡುತ್ತಿತ್ತು. 32 ಡಿಗ್ರಿಯದರಲ್ಲಿ ಹಾರಿದ ದೂರ 6 ಗಜ ಕಡಿಮೆ. ಇಳಿಯುವ ಕೋನ 44 ಡಿಗ್ರಿ, ಚೆಂಡು ಬಿದ್ದ ಜಾಗದ ಹತ್ತಿರವೇ ನಿಂತಿತು. ನನ್ನಂಥ ನಿಧಾನದ ಸ್ವಿಂಗಿನವನಿಗೆ ಎತ್ತರ ತಾನಾಗಿ ಬರುವುದಿಲ್ಲ, ಅದನ್ನು ಲಾಫ್ಟ್‌ನಿಂದ ಪಡೆಯಬೇಕು. 5 ಮತ್ತು 6 ಐರನ್‌ಗಳು ಒಂದೇ ದೂರ ಹೋಗುತ್ತಿದ್ದುದಕ್ಕೂ ಕಾರಣ ಇದೇ: 5 ಐರನ್‌ನ ಕಡಿಮೆ ಲಾಫ್ಟ್‌ನಲ್ಲಿ ಚೆಂಡನ್ನು ಸಾಕಷ್ಟು ಹೊತ್ತು ಗಾಳಿಯಲ್ಲಿ ಇಡುವಷ್ಟು ವೇಗ ನನ್ನಲ್ಲಿರಲಿಲ್ಲ. ಅದರ ಜಾಗಕ್ಕೆ, ಐರನ್‌ಗೂ ದಪ್ಪ ತಲೆಯ ವುಡ್‌ಗೂ ನಡುವಿನ ಒಂದು ಹೈಬ್ರಿಡ್ ಬಂತು. ಕೆಳತುದಿಯಲ್ಲಿ ಪಿಚಿಂಗ್ ವೆಡ್ಜ್ 45 ಡಿಗ್ರಿ, ನನ್ನಲ್ಲಿದ್ದ ಸ್ಯಾಂಡ್ ವೆಡ್ಜ್ 56. ನಡುವಿನ 11 ಡಿಗ್ರಿಯ ಬಿರುಕಿನಲ್ಲಿ ಆಟದ ಪ್ರತಿ ಸುತ್ತಿನಲ್ಲೂ ಎರಡು ಮೂರು ಹೊಡೆತ ಬೀಳುತ್ತಿದ್ದವಾದ್ದರಿಂದ 50 ಡಿಗ್ರಿಯ ಒಂದು ವೆಡ್ಜ್ ಸೇರಿಸಿಕೊಂಡೆ. ಆಟದ ನಿಯಮದಂತೆ 14 ಕ್ಲಬ್‌ಗಳವರೆಗೆ ಇಟ್ಟುಕೊಳ್ಳಬಹುದು. ನನ್ನ ಚೀಲದಲ್ಲಿ ಈಗಿರುವುದು 12.

ಡ್ರೈವರ್‌ನ ಕತೆ ಇದಕ್ಕಿಂತ ಸರಳ. ನನ್ನ ಕ್ಲಬ್ಬಿನ ತಲೆಯ ವೇಗ ಗಂಟೆಗೆ 86 ಮೈಲಿ ಎಂದು ಹೊಡೆತ ಅಳೆಯುವ ಲಾಂಚ್ ಮಾನಿಟರ್ ಹೇಳಿತು. ಆ ವೇಗಕ್ಕೆ 9 ಡಿಗ್ರಿಯ ಲಾಫ್ಟ್ ಸಾಲದು. 12 ಡಿಗ್ರಿಗೆ ಏರಿಸಿದಾಗ ಚೆಂಡು ಹೊರಡುವ ಕೋನ 9ರಿಂದ 14 ಡಿಗ್ರಿಗೆ ಏರಿತು, ಹೊಡೆತ ಮುಗಿದ ಮೇಲೆ ತಲೆಯೆತ್ತಿ ನೋಡಿದರೆ ಚೆಂಡು ಇನ್ನೂ ಮೇಲಿತ್ತು. ಶಾಫ್ಟ್‌ನ ಉದ್ದವನ್ನು 45.5 ಇಂಚಿನಿಂದ 44.5ಕ್ಕೆ ಇಳಿಸಿ, ತಲೆಗೆ ಸ್ವಲ್ಪ ತೂಕ ಸೇರಿಸಿದರು. ಗಿಡ್ಡ ಡ್ರೈವರ್‌ನಿಂದ ದೂರ ಕಡಿಮೆಯಾದೀತೆಂದು ಹೆದರಿದ್ದೆ. ವೇಗ ಒಂದು ಮೈಲಿಯಷ್ಟು ಇಳಿದದ್ದು ನಿಜ, ಆದರೆ ಪುಡಿಯ ಮೇಲಿನ ಮುದ್ರೆಗಳು ಒಂದು ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬಂದವು, ಹತ್ತು ಹೊಡೆತಗಳ ಸರಾಸರಿ ದೂರ ಏರಿತು.

ಗ್ರಿಪ್‌ನ ದಪ್ಪ ಬೇಗ ತೀರ್ಮಾನವಾಯಿತು: ಎಡಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಅಂಗೈಯನ್ನು ಹಗುರವಾಗಿ ಮುಟ್ಟಬೇಕು, ಒತ್ತಬಾರದು. ಅದಕ್ಕೆ ಗ್ರಿಪ್‌ನ ಕೆಳಗೆ ಒಂದು ಸುತ್ತು ಟೇಪು ಹೆಚ್ಚಿಗೆ ಬೇಕಾಯಿತು. ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಪಟ್ಟರ್‌ 35 ಇಂಚಿನಿಂದ 33ಕ್ಕೆ ಇಳಿಯಿತು. ಕಣ್ಣುಗಳು ಚೆಂಡಿನ ನೇರಕ್ಕೆ ಬಂದದ್ದು ಆಮೇಲೆಯೇ.

ಕ್ಲಬ್‌ಗಳು ಕೈಸೇರಿದ ದಿನ ನಾನು ಆಡಲು ಹೋಗಲಿಲ್ಲ, ಅವುಗಳನ್ನು ಮತ್ತೆ ಅಳೆಸಿದೆ. ಬರೆದುಕೊಟ್ಟ ಅಳತೆಗೂ ತಯಾರಾಗಿ ಬಂದ ಅಳತೆಗೂ ಸದಾ ತಾಳೆಯಾಗುತ್ತದೆಂದು ನಂಬಬಾರದೆಂದು ಆಡುವ ಗೆಳೆಯರು ಎಚ್ಚರಿಸಿದ್ದರು. 8 ಐರನ್‌ನ ಲೈ ಕೋನ ಒಂದೂವರೆ ಡಿಗ್ರಿ ತಪ್ಪಿತ್ತು. ಮೃದು ಕಾರ್ಬನ್ ಉಕ್ಕನ್ನು ಬಡಿದು ಮಾಡಿದ ತಲೆಗಳಾದ್ದರಿಂದ ಯಂತ್ರಕ್ಕೆ ಸಿಕ್ಕಿಸಿ, ಉದ್ದನೆಯ ಸನ್ನೆಕೋಲಿನಿಂದ ಬಗ್ಗಿಸಿ ಐದು ನಿಮಿಷದಲ್ಲಿ ಸರಿಮಾಡಿದರು. ಗಟ್ಟಿ ಸ್ಟೇನ್‌ಲೆಸ್ ಉಕ್ಕಿನ ಎರಕದ ತಲೆಯಾಗಿದ್ದರೆ ಅದು ಅಷ್ಟು ಸುಲಭವಾಗಿ ಮಣಿಯುತ್ತಿರಲಿಲ್ಲ.

ಮೊದಲ ಆರು ವಾರ ನಾನು ಹಿಂದಿಗಿಂತ ಕೆಟ್ಟದಾಗಿ ಆಡಿದೆ. ಎಡಕ್ಕೆ ಎಳೆಯುವ ಕ್ಲಬ್ ಹೋಗಿತ್ತು, ಬಲಕ್ಕೆ ತಳ್ಳುವ ಮೈ ಉಳಿದಿತ್ತು. ಪುಸ್ತಕದ ಪುಟಗಳಲ್ಲಿ ‘ಬ’ ಅಕ್ಷರವೇ ಸಾಲುಗಟ್ಟಿತು. ಈ ಬಾರಿ ತರಬೇತುದಾರರು ಅದೇ ಹಳೆಯ ದೋಷಗಳನ್ನು ತೋರಿಸಿದಾಗ ಅವುಗಳನ್ನು ಬಿಡುವುದು ಸಾಧ್ಯವಾಯಿತು, ಬಿಟ್ಟರೆ ಚೆಂಡು ನೆಟ್ಟಗೆ ಹೋಗುತ್ತಿತ್ತು. ಮೂರನೆಯ ತಿಂಗಳಿಗೆ ‘ಎ’ ಮತ್ತು ‘ಬ’ಗಳ ಎಣಿಕೆ ಸರಿಸಮಕ್ಕೆ ಬಂತು. ಹೈಬ್ರಿಡ್‌ನ ಪುಟ ಮಾತ್ರ ಇನ್ನೂ ಸಮಾಧಾನ ತಂದಿಲ್ಲ. ಉದ್ದ ಹುಲ್ಲಿನಿಂದ ಅದು ಎಡಕ್ಕೆ ಬಿಗಿಯಾಗಿ ಹೊರಳುತ್ತದೆ, ಹನ್ನೊಂದರಲ್ಲಿ ಏಳು ಸಲ. ಅದರ ಬದಲಿಗೆ 7 ವುಡ್ ಒಂದನ್ನು ಗೆಳೆಯನಿಂದ ಎರವಲು ತಂದಿದ್ದೇನೆ, ಈವರೆಗೆ ನಾಲ್ಕು ಸುತ್ತಿನ ಲೆಕ್ಕವಾಗಿದೆ, ಇನ್ನೂ ಆರು ಸುತ್ತು ಬಾಕಿ ಇದೆ.